ನಮ್ಮಲ್ಲೂ ಉಂಟಾ?

ಸಾತ್ವಿಕಾ ಮೊದಲ ಸಲ ಮೆಲ್ಕಾರಿನ ಆ ಅಂಗಡಿಗೆ ಬಂದದ್ದು ತಾಮ್ರದ ತಂತಿ ಸುತ್ತಿಸಲಿಕ್ಕೆ. ರಂಜಿತ್ ಸೌದಿಯ ಕೆಲಸ ಬಿಟ್ಟು ಬಂದು ಮೋಟಾರು ರಿವೈಂಡಿಂಗಿನ ಅಂಗಡಿ ಹಾಕಿ ಆಗಿನ್ನೂ ವರ್ಷ ತುಂಬಿರಲಿಲ್ಲ. ತೋಟದ ಪಂಪು, ಗ್ರೈಂಡರು, ಮದುವೆ ಹಾಲಿನ ಫ್ಯಾನು, ಹೀಗೆ ಸುಟ್ಟುಹೋದದ್ದೆಲ್ಲ ಅವನಲ್ಲಿಗೆ ಬರುತ್ತಿತ್ತು. ಆ ದಿನ ಎದುರು ನಿಂತವಳ ಕೈಯಲ್ಲಿ ಮಾತ್ರ ಸುಟ್ಟದ್ದು ಏನೂ ಇರಲಿಲ್ಲ. ಮೊಳದುದ್ದದ ಒಂದು ಲೋಹದ ಸರಳು ಇತ್ತು.

“ಇದಕ್ಕೆ ತಂತಿ ಸುತ್ತಬೇಕು. ಕೂದಲಿನಷ್ಟು ಸಪೂರದ ತಂತಿ. ಎಷ್ಟು ಸುತ್ತು ಅಂತ ಹೇಳಿದ್ರೆ ನೀವು ಬೈಬಾರ್ದು.”

“ಹೇಳಿ.”

“ಐವತ್ತು ಸಾವಿರ ಆದರೂ ಬೇಕು.”

ರಂಜಿತ್ ನಕ್ಕುಬಿಟ್ಟ. “ಇದು ಯಾವ ಮೋಟಾರಿಗೆ ಮಾರಾಯ್ರೆ?”

“ಮೋಟಾರಿಗಲ್ಲ. ಭೂಕಂಪಕ್ಕೆ.”

ಅವಳು ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಳು. ಅದರ ಜೊತೆಗೆ ಸಂಶೋಧನೆಯನ್ನೂ ಹಿಡಿದಿದ್ದಳು. ಮಂಗಳೂರಿನ ಅಂಗಡಿಯವರೆಲ್ಲ ಕೈಮುಗಿದು ಕಳಿಸಿದ ಮೇಲೆ ಇಲ್ಲಿಗೆ ಬಂದಿದ್ದಳು. ಭೂಮಿಯ ಒಳಗೆ ಬಂಡೆಗಳು ಒಂದನ್ನೊಂದು ಅದುಮಿದಾಗ, ಬಿರುಕು ಬಿಟ್ಟಾಗ, ಬಿರುಕಿನಲ್ಲಿ ನೀರು ನುಗ್ಗಿದಾಗ ಅಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ ಎಂದು ಅವಳು ಕೌಂಟರಿಗೆ ಒರಗಿ ನಿಂತು ವಿವರಿಸಿದಳು. ವಿದ್ಯುತ್ತು ಹರಿದಲ್ಲಿ ಕಾಂತದ ಸೆಳೆತವೂ ಇರುತ್ತದೆ. ದಿಕ್ಸೂಚಿಯ ಮುಳ್ಳಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಸಾವಿರಾರು ಸುತ್ತಿನ ಸುರುಳಿಗೆ ಗೊತ್ತಾಗಬಹುದು. ಭೂಕಂಪಕ್ಕೆ, ಜ್ವಾಲಾಮುಖಿ ಸಿಡಿಯುವುದಕ್ಕೆ ಮೊದಲೇ ಇಂಥ ಸಂಕೇತ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ, ಅದೆಲ್ಲ ಭ್ರಮೆ ಎಂದು ಹೇಳುವವರೂ ಬೇಕಾದಷ್ಟು ಇದ್ದಾರೆ.

“ನಿಮಗೆ ಎಂತ ಅನ್ನಿಸ್ತದೆ?” ರಂಜಿತ್ ಕೇಳಿದ.

“ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಸುತ್ತಿಸುವುದು.”

ಸುತ್ತುವಾಗ ತಂತಿ ಎಷ್ಟೋ ಸಲ ತುಂಡಾಯಿತು. ಪ್ರತಿ ಸಲವೂ ಮೊದಲಿನಿಂದ ಸುತ್ತಬೇಕು. ಶನಿವಾರ ಕ್ಲಾಸು ಮುಗಿಸಿ ಅವಳು ನೋಡಲು ಬರುತ್ತಿದ್ದಳು. ಬಂದವಳು ಸ್ಟೂಲಿನ ಮೇಲೆ ಕೂತು ಸುರುಳಿ ತಿರುಗುವುದನ್ನೇ ನೋಡುತ್ತಿದ್ದಳು. ಪಕ್ಕದ ಬೇಕರಿಯ ಬದ್ರುದ್ದೀನ್ ಕೇಳದೆಯೇ ಎರಡು ಚಹಾ ಕಳಿಸತೊಡಗಿದ. ಸುರುಳಿ ಸರಿಯಾಗಿ ಮುಗಿಯುವಷ್ಟರಲ್ಲಿ ಅವರಿಬ್ಬರ ಮಾತೂ ಒಂದು ಹಂತಕ್ಕೆ ಬಂದಿತ್ತು. ಸಾತ್ವಿಕಾಳ ತಾಯಿ ಶಶಿಪ್ರಭಾ ಬಂಟ್ವಾಳ ಪೇಟೆಯಲ್ಲಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದವರು. ಅವರು ರಂಜಿತನನ್ನು ಒಮ್ಮೆ ಮನೆಗೆ ಕರೆಸಿ, ಊಟಕ್ಕೆ ಬಡಿಸಿ, “ಅವಳು ಊಟ ಮಾಡುವಾಗಲೂ ಬೇರೆ ಎಂತದೋ ಯೋಚನೆ ಮಾಡ್ತಾಳೆ. ನಿನಗೆ ಬೇಜಾರಾಗ್ತದಾ?” ಎಂದು ಕೇಳಿದರು. “ಇಲ್ಲ” ಎಂದ. ಮದುವೆ ಆಯಿತು. ಮದುವೆಯಾದ ಮೇಲೂ ಸಾತ್ವಿಕಾ ಅವನನ್ನು ‘ನೀವು’ ಎಂದೇ ಕರೆಯುತ್ತಿದ್ದಳು. ಅಂಗಡಿಯಲ್ಲಿ ಶುರುವಾದದ್ದು ಬಾಯಲ್ಲಿ ಹಾಗೆಯೇ ನಿಂತುಬಿಟ್ಟಿತು.

ಸುರುಳಿಯನ್ನು ಹೂಳಲು ಕರೆಂಟಿನ ತಂತಿ ಹತ್ತಿರ ಸುಳಿಯದ ಜಾಗ ಬೇಕಿತ್ತು. ಅಳದಂಗಡಿಯಿಂದ ಇನ್ನೂ ಒಳಗೆ ಹೋದರೆ ವೆಂಕಪ್ಪನವರ ರಬ್ಬರು ತೋಟ. ತೋಟದ ಮೇಲೆ ಮುರಕಲ್ಲಿನ ಬೋಳು ಪದವು, ಎತ್ತರದ ಕಲ್ಲುಬಯಲು, ಇತ್ತು. ದನ ಮೇಯಿಸಲಿಕ್ಕೂ ಜನ ಹೋಗದ ಜಾಗ. ಹಿಂದೊಮ್ಮೆ ಘಟ್ಟದ ಬದಿಯಲ್ಲಿ ನೆಲ ಸಣ್ಣಗೆ ನಡುಗಿದಾಗ ಅಟ್ಟದಲ್ಲಿದ್ದ ಪಾತ್ರೆ ಸದ್ದು ಮಾಡಿದ್ದನ್ನು ವೆಂಕಪ್ಪನವರ ಹೆಂಡತಿ ಸೇಸಮ್ಮ ಮರೆತಿರಲಿಲ್ಲ. “ನಡುಗುವ ಮೊದಲೇ ಹೇಳ್ತದಾದ್ರೆ ಹೂಳಿ, ನಮ್ಮದೆಂತ ತೊಂದರೆ ಇಲ್ಲ” ಎಂದರು. ಹೇಳುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಸಾತ್ವಿಕಾ ಅವರಿಗೂ ಹೇಳಿದಳು. ಮುರಕಲ್ಲು ಕಡಿದು ಸುರುಳಿ ಹೂತರು. ಅಲ್ಲಿಂದ ಒಂದು ಕೇಬಲ್ಲನ್ನು ಮಣ್ಣಿನಡಿಯಲ್ಲೇ ಎಳೆದು, ದೂರದ ಒಂದು ತಗಡಿನ ಪೆಟ್ಟಿಗೆಗೆ ಜೋಡಿಸಿದರು. ಪೆಟ್ಟಿಗೆಯಲ್ಲಿ ಬ್ಯಾಟರಿ ಮತ್ತು ದಾಖಲು ಮಾಡುವ ಯಂತ್ರ. ಹಗಲೂ ರಾತ್ರಿಯೂ ಅದು ಒಂದು ಗೆರೆಯನ್ನು ಎಳೆಯುತ್ತಲೇ ಇರುತ್ತಿತ್ತು.

ಗೆರೆ ಏಳುತ್ತದೆ, ಬೀಳುತ್ತದೆ. ಆದರೆ ಎದ್ದದ್ದೆಲ್ಲ ಭೂಮಿಯದ್ದಲ್ಲ. ಸೂರ್ಯನಿಂದ ಬರುವ ಕಣಗಳು ಆಕಾಶದಲ್ಲಿ ಗಲಾಟೆ ಮಾಡಿದರೂ ಸುರುಳಿ ಅಲುಗುತ್ತದೆ. ಅದನ್ನು ಬೇರೆ ಮಾಡುವುದು ಹೇಗೆಂದು ರಂಜಿತ್ ಕೇಳಿದಾಗ ಅವಳು ಹೇಳಿದ್ದಳು: “ನಮ್ಮ ಮನೆಯ ನಾಯಿ ಮಾತ್ರ ಬೊಗಳಿದ್ರೆ ನಮ್ಮ ಅಂಗಳಕ್ಕೆ ಯಾರೋ ಬಂದಿದ್ದಾರೆ ಅಂತ. ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದ್ರೆ ಮಾರ್ಗದಲ್ಲಿ ಎಂತದೋ ಹೋಗ್ತಾ ಉಂಟು ಅಂತ. ದೂರದೂರ ಎರಡು ಯಂತ್ರ ಬೇಕು. ಎರಡರಲ್ಲೂ ಬಂದ್ರೆ ಅದು ಸೂರ್ಯನದ್ದು. ಒಂದರಲ್ಲಿ ಮಾತ್ರ ಬಂದ್ರೆ ಅಲ್ಲಿನ ನೆಲದ್ದು.”

ಅವಳ ಮಾರ್ಗದರ್ಶಿ ಪ್ರೊಫೆಸರ್ ಶಹನಾಝ್ ಮಂಗಳೂರಿನವರು, ಬೆಂಗಳೂರಿನ ಸಂಸ್ಥೆಯೊಂದರಲ್ಲಿದ್ದರು. ಇಂಡೋನೇಷ್ಯಾದ ಒಂದು ಸಣ್ಣ ದ್ವೀಪದಲ್ಲಿ ಜ್ವಾಲಾಮುಖಿಯ ಪಕ್ಕದಲ್ಲೇ ಇದೇ ಬಗೆಯ ಯಂತ್ರ ಇಡುವ ಯೋಜನೆ ಅವರದ್ದು. ಕೆಲವು ತಿಂಗಳು ಅಲ್ಲಿರಲು ಸಾತ್ವಿಕಾಳನ್ನು ಕೇಳಿದಾಗ ಅವಳು ಆ ದಿನವೇ ಒಪ್ಪಿದಳು.

“ಇಲ್ಲಿ ನೆಲ ನಡುಗ್ಲಿಕ್ಕೆ ಹತ್ತು ವರ್ಷ ಕಾಯ್ಬೇಕು. ಅಲ್ಲಿ ಬೆಟ್ಟ ದಿನಾ ಗೊರಕೆ ಹೊಡೀತದೆ” ಎಂದು ರಂಜಿತನಿಗೆ ಹೇಳಿದಳು. “ನಮ್ಮ ಪದವಿನ ಯಂತ್ರ ನೀವು ನೋಡ್ಕೊಳ್ತೀರಲ್ಲ?”

ನೋಡಿಕೊಂಡ. ಭಾನುವಾರ ಬೈಕಿನಲ್ಲಿ ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಅಳದಂಗಡಿಗೆ ಹೋಗಿ, ಚಾರ್ಜಾದ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಪದವು ಹತ್ತುತ್ತಿದ್ದ. ತಿಂಗಳಿಗೊಮ್ಮೆ ಯಂತ್ರದ ಕಾರ್ಡು ತೆಗೆದು ಬೇರೆಯದನ್ನು ಹಾಕುತ್ತಿದ್ದ. ತೆಗೆದ ಕಾರ್ಡುಗಳನ್ನು ಅವಳು ಬಂದ ಮೇಲೆ ನೋಡುವುದೆಂದು ಮಾತಾಗಿತ್ತು. ಬರುವಾಗ ಸೇಸಮ್ಮ ಪುನರ್ಪುಳಿ ಶರಬತ್ತು ಕೊಡುತ್ತಿದ್ದರು, “ಅಮ್ಮ ಯಾವಾಗ ಬರ್ತಾರಂತೆ?” ಎಂದು ಸಾತ್ವಿಕಾಳ ಬಗ್ಗೆ ಕೇಳುತ್ತಿದ್ದರು.

ಅವಳ ಸಂದೇಶ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ರಂಜಿತ್ ಬೋರ್‌ವೆಲ್ಲಿನ ಪಂಪೊಂದನ್ನು ಬಿಚ್ಚಿ ಕೂತಿದ್ದ.

‘ಇಲ್ಲಿ ನಿನ್ನೆಯಿಂದ ಗೆರೆಯಲ್ಲಿ ಅಲೆ ಬರ್ತಾ ಉಂಟು. ಬಿಟ್ಟು ಬಿಟ್ಟು, ಒಂದೇ ಥರ. ನಮ್ಮಲ್ಲೂ ಉಂಟಾ?’

ಅವನು ಕೈ ಒರೆಸಿಕೊಂಡು ಫೋನು ಮಾಡಿದ. ಆ ದ್ವೀಪದ ಇನ್ನೊಂದು ತುದಿಯಲ್ಲಿ ಇಡಬೇಕಾದ ಎರಡನೆಯ ಯಂತ್ರ ಸಾಗಾಟದಲ್ಲಿ ಹಾಳಾಗಿ ಬಂದಿತ್ತು. ಹಾಗಾಗಿ ಹೋಲಿಸಿ ನೋಡಲು ಅವಳಿಗೆ ಇದ್ದದ್ದು ಪದವಿನ ಯಂತ್ರ ಒಂದೇ. ಸೂರ್ಯನ ದೊಡ್ಡ ಬಿರುಗಾಳಿಯಾದರೆ ಪ್ರಪಂಚದ ವೀಕ್ಷಣಾಲಯಗಳೆಲ್ಲ ಅದೇ ದಿನ ಹೇಳುತ್ತವೆ, ಇಂಥ ಸಣ್ಣ ಅಲೆಗಳ ಲೆಕ್ಕ ಅವರಿಂದ ಬರಲು ವಾರಗಳೇ ಬೇಕು ಎಂದಳು. ಮಾತು ಓಡುತ್ತಿತ್ತು. ಆ ದನಿಯಲ್ಲಿ ಅಷ್ಟು ಸಂತೋಷವನ್ನು ಅವನು ಬಹಳ ಕಾಲದಿಂದ ಕೇಳಿರಲಿಲ್ಲ.

“ಈಗಲೇ ಹೋಗ್ತೇನೆ” ಎಂದು ಅಂಗಡಿಯ ಬಾಗಿಲು ಎಳೆದು ಹೊರಟ.

ಮಧ್ಯಾಹ್ನದ ಬಿಸಿಲಿಗೆ ಪದವಿನ ಕಲ್ಲು ಕಾದಿತ್ತು. ಅವನು ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದ. ಪರದೆಯ ಮೇಲೆ ಆ ಎರಡು ದಿನದ ಗೆರೆ ತೆರೆದುಕೊಂಡಿತು. ಅಲೆ ಇರಲಿಲ್ಲ. ಗೆರೆ ನೇರವಾಗಿತ್ತು. ಬಿಸಿಲಿಗೆ ಅಂಗಿಯನ್ನು ಅಡ್ಡ ಹಿಡಿದು ಮತ್ತೆ ನೋಡಿದ. ನೇರವೇ ಇತ್ತು. ನೆಟ್‌ವರ್ಕು ಸಿಗುವುದು ಪದವಿನ ಒಂದು ಅಂಚಿನಲ್ಲಿ ಮಾತ್ರ, ಅಲ್ಲಿಂದ ಇಡೀ ಫೈಲು ಹೋಗುವಂತಿರಲಿಲ್ಲ. ಪರದೆಯ ಫೋಟೋ ತೆಗೆದು ಕಳಿಸಿದ. ಕೂಡಲೇ ಅವಳ ಕರೆ ಬಂತು.

“ಇಷ್ಟು ಶಾಂತ ಉಂಟಾ! ಹಾಗಾದ್ರೆ ಇದು ಸೂರ್ಯನದ್ದಲ್ಲ. ಇದು ಬೆಟ್ಟದ್ದು. ರಂಜಿತ್, ಕೇಳಿಸ್ತದಾ? ಬೆಟ್ಟದ್ದು ಇದು!” ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಮೇಲೆ ನಮ್ಮ ಮೂರು ಜನ ಇದ್ದಾರೆ. ಹೊಸ ಗುಂಡಿ ತೋಡ್ಲಿಕ್ಕೆ ಹೋದವರು, ಟೆಂಟು ಹಾಕಿ ಅಲ್ಲೇ ಉಳ್ಕೊಂಡಿದ್ದಾರೆ. ಬೆಟ್ಟ ನೋಡ್ಕೊಳ್ಳುವ ಇಲ್ಲಿನ ಆಫೀಸಿಗೆ ಹೇಳಿದೆ. ಕಂಪನ ಅಳೆಯುವ ಯಂತ್ರದಲ್ಲಿ ಎಂತದೂ ಇಲ್ಲ, ಹೆದರ್ಬೇಡಿ ಅಂದ್ರು.”

“ಮತ್ತೆ?”

“ನಾನೇ ಹೋಗಿ ಕರ್ಕೊಂಡು ಬರ್ತೇನೆ. ಎಂತ ಆಗದಿದ್ರೆ ನಗಾಡ್ತಾರೆ, ಅಷ್ಟೇ ಅಲ್ವಾ?”

“ಜಾಗ್ರತೆ, ಆಯ್ತಾ?”

“ಆಯ್ತು. ಬ್ಯಾಟರಿಗೆ ನೀರು ಹಾಕಿದ್ರಾ?”

“ಹಾಕಿದೆ.”

ಕೆಳಗೆ ಸೇಸಮ್ಮ ಗಂಜಿ, ಚಟ್ನಿ ಬಡಿಸಿದರು. ರಂಜಿತ್ ಹೊಟ್ಟೆ ತುಂಬ ಉಂಡ. “ನಿಮ್ಮ ಅಮ್ಮನ ಯಂತ್ರ ಗೆದ್ದಿತು ಸೇಸಕ್ಕ” ಎಂದ. ದಾರಿಯಲ್ಲಿ ಬಂಟ್ವಾಳಕ್ಕೆ ಹೋಗಿ ಅತ್ತೆಗೂ ಹೇಳಿದ. ಶಶಿಪ್ರಭಾ ಟ್ಯೂಷನ್ನಿನ ಮಕ್ಕಳಿಗೆಲ್ಲ ಆ ದಿನ ಒಂದೊಂದು ಲಡ್ಡು ಕೊಟ್ಟರು.

ಮರುದಿನ ಮಧ್ಯಾಹ್ನ ಶಹನಾಝ್ ಫೋನು ಮಾಡಿದರು. ಬೆಟ್ಟ ಸಿಡಿದಿತ್ತು. ದೊಡ್ಡ ಸ್ಫೋಟವಲ್ಲ, ಒಳಗಿನ ಹಬೆ ಒಮ್ಮೆಗೇ ಒಡೆದು ಕಲ್ಲುಗಳನ್ನು ಎಸೆದದ್ದು. ಟೆಂಟಿದ್ದ ಜಾಗದಲ್ಲಿ ಈಗ ಏನೂ ಉಳಿದಿರಲಿಲ್ಲ. ಮೂವರೂ ಬದುಕಿದ್ದರು. ಅವರಲ್ಲಿ ಹಿರಿಯನಿಗೆ ಕಾಲು ಸ್ವಲ್ಪ ಕುಂಟು, ಬೇಗ ಇಳಿಯಲಾಗದು, ಅವನನ್ನು ಹೊತ್ತು ಮುಂದೆ ನಡೆಯಿರಿ ಎಂದು ಸಾತ್ವಿಕಾ ಉಳಿದಿಬ್ಬರಿಗೆ ಹೇಳಿ, ತಾನು ಯಂತ್ರದ ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿನಿಂದ ಇಳಿಯುತ್ತಿದ್ದಳು. ಕಲ್ಲು ಬಿದ್ದದ್ದು ಅವಳ ಮೇಲೆ.

ರಂಜಿತ್ ಫೋನು ಹಿಡಿದುಕೊಂಡೇ ಇದ್ದ. ಆಚೆಯಿಂದ ಶಹನಾಝ್ “ರಂಜಿತ್, ರಂಜಿತ್” ಎಂದು ಕರೆಯುತ್ತಿದ್ದರು. ಬದ್ರುದ್ದೀನ್ ಬಂದು ಅವನ ಕೈಯಿಂದ ಫೋನು ತೆಗೆದುಕೊಂಡ. ಬಂಟ್ವಾಳಕ್ಕೆ ಅವನನ್ನು ಕರೆದುಕೊಂಡು ಹೋದದ್ದೂ ಬದ್ರುದ್ದೀನನೇ. ಶಶಿಪ್ರಭಾ ಜಗಲಿಯಲ್ಲಿ ಮಕ್ಕಳ ಉತ್ತರ ತಿದ್ದುತ್ತಿದ್ದರು. ಇಬ್ಬರ ಮುಖ ನೋಡಿ ಕನ್ನಡಕ ತೆಗೆದಿಟ್ಟರು. “ಮಕ್ಕಳೇ, ಇವತ್ತು ಮನೆಗೆ ಹೋಗಿ” ಎಂದರು. ಕೊನೆಯ ಮಗು ಗೇಟು ದಾಟುವವರೆಗೂ ಅವರು ಏನೂ ಕೇಳಲಿಲ್ಲ.

ಶವ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದಾಗ ಪೆಟ್ಟಿಗೆ ತೆರೆಯಬಾರದೆಂದು ಹೇಳಿದರು. ಶಶಿಪ್ರಭಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. “ಎಷ್ಟು ತಣ್ಣಗೆ ಉಂಟು” ಎಂದಷ್ಟೇ ಹೇಳಿದರು.

ಉತ್ತರಕ್ರಿಯೆ ಮುಗಿದ ಮೇಲೆ ಶಹನಾಝ್ ಬಂಟ್ವಾಳದ ಮನೆಗೆ ಬಂದರು. ಸಾತ್ವಿಕಾಳ ಚೀಲದೊಳಗಿನ ಯಂತ್ರ ಉಳಿದಿತ್ತು, ಅದರಲ್ಲಿ ಆ ಅಲೆಗಳೆಲ್ಲ ಇದ್ದವು ಎಂದರು. “ಟೀಚರ್, ಇಷ್ಟು ಸ್ಪಷ್ಟವಾದದ್ದನ್ನು ನಾನು ಇದುವರೆಗೆ ನೋಡಿಲ್ಲ. ಪ್ರಬಂಧ ಬರೀತೇವೆ. ಮೊದಲ ಹೆಸರು ಸಾತ್ವಿಕಾಳದ್ದೇ.”

ಆ ಮಾತನ್ನು ಶಶಿಪ್ರಭಾ ಹಿಡಿದುಕೊಂಡರು. ದುಃಖ ಕೇಳಲು ಬಂದ ಪ್ರತಿಯೊಬ್ಬರಿಗೂ, “ನನ್ನ ಮಗಳಿಗೆ ಮೊದಲೇ ಗೊತ್ತಾಗಿತ್ತು. ಆಫೀಸಿನವರಿಗೇ ಗೊತ್ತಾಗದ್ದು ಇವಳಿಗೆ ಗೊತ್ತಾಗಿತ್ತು. ಗೊತ್ತಾದ್ದರಿಂದಲೇ ಮೂರು ಜನ ಉಳಿದ್ರು” ಎಂದು ಹೇಳುತ್ತಿದ್ದರು. ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ರಂಜಿತನಿಗೂ ನಿದ್ದೆ ಬರಲು ಇದ್ದದ್ದು ಅದೊಂದೇ ಮಾತು. ಅವಳು ಕೇಳಿದಳು, ನಾನು ನೋಡಿ ಹೇಳಿದೆ, ಅವಳು ಗೆದ್ದಳು.

ಪ್ರಬಂಧಕ್ಕೆ ಫೋಟೋ ಸಾಲದು, ಪದವಿನ ಯಂತ್ರದ ಪೂರ್ತಿ ದಾಖಲೆ ಬೇಕು ಎಂದು ಶಹನಾಝ್ ತಿಳಿಸಿದರು. ಆ ಬುಧವಾರದ ನಂತರ ರಂಜಿತ್ ಅತ್ತ ತಲೆ ಹಾಕಿರಲಿಲ್ಲ. ಅವನು ಹೋಗುವುದು ಗೊತ್ತಾಗಿ ಶಶಿಪ್ರಭಾ, “ನಾನೂ ಬರ್ತೇನೆ. ಅವಳು ಇಟ್ಟದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ” ಎಂದರು.

ಪದವು ಹತ್ತಲು ವೆಂಕಪ್ಪ ಅವರಿಗೆ ಕೋಲು ಕೊಟ್ಟರು. ಅಲ್ಲಲ್ಲಿ ಕೂತು, ಉಸಿರು ತೆಗೆದುಕೊಂಡು, ಅವರು ಮೇಲೆ ಬಂದರು. ಬ್ಯಾಟರಿ ಸತ್ತಿತ್ತು, ಕಾರ್ಡು ಸರಿಯಿತ್ತು. ರಂಜಿತ್ ಲ್ಯಾಪ್‌ಟಾಪು ತೆರೆದು ಆ ದಿನವನ್ನು ಹುಡುಕಿದ. “ಇಲ್ಲಿ ನೋಡಿ ಮಾಮಿ, ಇದು ಮಂಗಳವಾರ, ಇದು ಬುಧವಾರ. ಎಂತದೂ ಇಲ್ಲ ಅಲ್ವಾ?”

“ಅದಕ್ಕಿಂತ ಮೊದಲು ಹೇಗೆ ಇತ್ತು?” ಶಶಿಪ್ರಭಾ ಕೇಳಿದರು.

ಅವನು ಹಿಂದಕ್ಕೆ ಸರಿಸಿದ. ಸೋಮವಾರವೂ ನೇರ. ಅದರ ಹಿಂದಿನ ವಾರವೂ ನೇರ. ಅವನ ಬೆರಳು ನಿಧಾನವಾಯಿತು. ಇನ್ನೂ ಹಿಂದೆ ಹೋದಾಗ ಒಂದು ಕಡೆ ಗೆರೆ ಫಕ್ಕನೆ ಬದಲಾಯಿತು. ಅಲ್ಲಿಂದ ಮೊದಲು ಅದು ಉಸಿರಾಡುವವರ ಎದೆಯ ಹಾಗೆ ಏರಿ ಇಳಿಯುತ್ತಿತ್ತು, ಹಗಲಿಗೆ ಒಂದು ರೀತಿ, ರಾತ್ರಿಗೆ ಒಂದು ರೀತಿ. ಅಲ್ಲಿಂದ ಈಚೆ ಏನೂ ಇರಲಿಲ್ಲ. ಎಂಥ ಶಾಂತ ದಿನದಲ್ಲೂ ಗೆರೆ ಇಷ್ಟು ನೇರ ಇರುವುದಿಲ್ಲ.

ರಂಜಿತ್ ಎದ್ದು ಕೇಬಲ್ ಹೂತ ಜಾಗಕ್ಕೆ ಹೋಗಿ ಕೈಯಿಂದಲೇ ಮಣ್ಣು ಕೆದರತೊಡಗಿದ. ವೆಂಕಪ್ಪ ಹಾರೆ ತಂದರು. ಪೆಟ್ಟಿಗೆಯಿಂದ ಸ್ವಲ್ಪ ದೂರದಲ್ಲಿ ಕೇಬಲ್ ಮೇಲೆ ಬಂತು. ಹೆಗ್ಗಣ ಕಡಿದು ರಬ್ಬರು ಸುಲಿದಿತ್ತು, ಒಳಗಿನ ತಾಮ್ರ ತುಂಡಾಗಿ ಹಸಿರುಗಟ್ಟಿತ್ತು.

“ಹೆಗ್ಗಣದ ಕಾಟ ಇಲ್ಲಿ ಜೋರುಂಟು” ವೆಂಕಪ್ಪ ಪೇಚಾಡಿದರು. “ಪೈಪಿನೊಳಗೆ ಹಾಕ್ಬೇಕಿತ್ತೋ ಏನೋ. ಬೇರೆ ತಂತಿ ಹಾಕಿದ್ರೆ ಸರಿ ಆಗ್ಲಿಕ್ಕಿಲ್ವಾ?”

ಶಶಿಪ್ರಭಾ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು, ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕೋಲೂರಿ ನಡೆದು ಬಂದು ಕೇಬಲಿನ ತುದಿಯನ್ನು ನೋಡಿದರು.

“ಅಂದ್ರೆ ಆ ದಿನ ಇದಕ್ಕೆ ಕಿವಿಯೇ ಇರ್ಲಿಲ್ಲ.”

“ಇಲ್ಲ ಮಾಮಿ.”

“ನೀನು ಶಾಂತ ಉಂಟು ಅಂತ ಹೇಳಿದೆ.”

“ಹೇಳಿದೆ.”

“ನೀನು ತಂತಿಯ ಕೆಲಸದವ, ರಂಜಿತ್. ನಿನಗೆ ಗೊತ್ತಾಗ್ಲಿಲ್ವಾ?”

ಅವನು ಮಣ್ಣು ಹತ್ತಿದ ಕೈಗಳನ್ನು ನೋಡುತ್ತ ಕೂತ. ಸುಟ್ಟ ಮೋಟಾರು ಬಂದರೆ ಮೊದಲು ತಂತಿ ಎಲ್ಲಿ ತುಂಡಾಗಿದೆ ಎಂದು ನೋಡುವವನು ಅವನು. ಆ ದಿನ ನೋಡಲಿಲ್ಲ. ಅವಳ ದನಿಯಲ್ಲಿದ್ದ ಸಂತೋಷ ಅವನ ಕಿವಿಯಲ್ಲಿ ತುಂಬಿತ್ತು. ಗೆರೆ ನೇರವಿದ್ದರೆ ಅವಳಿಗೆ ಒಳ್ಳೆಯದು ಎಂದು ಗೊತ್ತಿತ್ತು, ನೇರವಿರುವುದನ್ನು ನೋಡಿದ, ಕುಣಿಯುತ್ತ ಫೋಟೋ ತೆಗೆದ. ಅವಳೂ ಫೋಟೋ ನೋಡಿದ್ದಳು. ಬಿಸಿಲು ಹೊಡೆದ ಆ ಫೋಟೋದಲ್ಲಿ ಅವಳಿಗಾದರೂ ಬೇರೇನು ಕಂಡೀತು?

ಇಳಿಯುವಾಗ ಶಶಿಪ್ರಭಾ ಅವನು ಚಾಚಿದ ಕೈ ಹಿಡಿಯಲಿಲ್ಲ, ವೆಂಕಪ್ಪನವರ ಹೆಗಲು ಹಿಡಿದು ಇಳಿದರು. ಸೇಸಮ್ಮ ತಂದ ನೀರನ್ನು ಕುಡಿಯಲಿಲ್ಲ. ಬದ್ರುದ್ದೀನನಿಂದ ಕೇಳಿ ತಂದಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಗುರುವಾಯನಕೆರೆಗೆ ಬಂದಾಗ, “ಇಲ್ಲಿ ನಿಲ್ಲಿಸು. ನಾನು ಬಸ್ಸಿನಲ್ಲಿ ಹೋಗ್ತೇನೆ” ಎಂದರು. ಅವನು ಅವರನ್ನು ಇಳಿಸಿದ. ಬಸ್ಸು ಬರುವವರೆಗೂ ರಸ್ತೆಯ ಈಚೆ ಬದಿಯಲ್ಲಿ ಕಾರು ನಿಲ್ಲಿಸಿ ಕಾದ. ಅವರು ಒಮ್ಮೆಯೂ ಇತ್ತ ನೋಡಲಿಲ್ಲ.

ಸಂಜೆಯೇ ಅವನು ಶಹನಾಝ್‌ಗೆ ಎಲ್ಲವನ್ನೂ ಹೇಳಿದ. ಬೆಳಿಗ್ಗೆ ಅತ್ತೆಯ ಫೋನು ಬಂತು.

“ಪ್ರೊಫೆಸರಿಗೆ ಹೇಳಿದೆಯಾ?”

“ಹೇಳಿದೆ ಮಾಮಿ.”

ಅವರು ಫೋನು ಇಟ್ಟುಬಿಟ್ಟರು. ಹೇಳಬಾರದಿತ್ತು ಎಂದು ಅವರಿಗಿತ್ತೋ, ಹೇಳಲೇಬೇಕು ಎಂದಿತ್ತೋ, ಅವನಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಶಹನಾಝ್ ದೂರದ ಬೇರೊಂದು ವೀಕ್ಷಣಾಲಯದಿಂದ ಆ ಎರಡು ದಿನಗಳ ಸೂಕ್ಷ್ಮ ದಾಖಲೆ ತರಿಸಿದರು. ಬಂದ ಮೇಲೆ ಫೋನಿನಲ್ಲಿ ಹೇಳದೆ, ತಾವೇ ಮೆಲ್ಕಾರಿಗೆ ಬಂದರು. ಸಾತ್ವಿಕಾ ಕೂರುತ್ತಿದ್ದ ಸ್ಟೂಲಿನಲ್ಲೇ ಕೂತು ಸಾತ್ವಿಕಾಳ ಯಂತ್ರದ ಒಂದು ಹಾಳೆ, ವೀಕ್ಷಣಾಲಯದ ಒಂದು ಹಾಳೆ, ಎರಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಒಂದೇ ಅಲೆ, ಒಂದೇ ಹೊತ್ತಿಗೆ.

“ಇದು ಆಕಾಶದ್ದು, ರಂಜಿತ್. ಬೆಟ್ಟ ಎಂತದೂ ಹೇಳಿರ್ಲಿಲ್ಲ. ಈ ಅಲೆ ಬೇರೆ, ಅದು ಸಿಡಿದದ್ದು ಬೇರೆ. ಎರಡೂ ಒಟ್ಟಿಗೆ ಬಂತು, ಅಷ್ಟೇ.”

“ತಂತಿ ಸರಿ ಇದ್ದಿದ್ರೆ?”

“ನಮ್ಮಲ್ಲೂ ಉಂಟು ಅಂತ ನೀವು ಹೇಳ್ತಿದ್ರಿ.”

“ಅವಳು ಕೆಳಗೇ ಇರ್ತಿದ್ದಳು.”

“ಇರ್ತಿದ್ದಳು.”

“ಆ ಮೂರು ಜನ?”

ಶಹನಾಝ್ ಹಾಳೆಗಳನ್ನು ಮಡಚಿದರು. ಮಡಚಿದ್ದನ್ನು ಮತ್ತೆ ಮಡಚಿದರು. “ಟೆಂಟಿನ ಜಾಗದಲ್ಲಿ ಎಂತದೂ ಉಳೀಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ” ಎಂದರು. ಆಮೇಲೆ ಮೆಲ್ಲಗೆ, “ನಾನೂ ಆ ಫೋಟೋ ನೋಡಿದ್ದೆ. ಅವಳು ನನಗೂ ಕಳಿಸಿದ್ದಳು. ಖುಷಿಯಲ್ಲಿ ನನಗೂ ಗೊತ್ತಾಗ್ಲಿಲ್ಲ” ಎಂದರು. ಅವರು ಅಳುತ್ತಿದ್ದರು. ರಂಜಿತನಿಗೆ ಅಳು ಬರಲಿಲ್ಲ.

ದೊಡ್ಡ ಪ್ರಬಂಧದ ಬದಲು ಎರಡು ಪುಟದ ಟಿಪ್ಪಣಿಯೊಂದು ಪ್ರಕಟವಾಯಿತು. ಜ್ವಾಲಾಮುಖಿಯದ್ದೆಂದು ತೋರಿದ ಸಂಕೇತ ಸೂರ್ಯನದ್ದಾಗಿತ್ತು, ಹೋಲಿಕೆಗೆ ಇಟ್ಟ ಯಂತ್ರ ಕೆಟ್ಟಿದ್ದರೆ ಎಂಥ ತಪ್ಪು ತಿಳುವಳಿಕೆ ಆಗಬಹುದು ಎಂಬುದರ ಬಗ್ಗೆ. ಮೊದಲ ಹೆಸರು ಸಾತ್ವಿಕಾಳದ್ದೇ ಇತ್ತು. ಮೂಡುಬಿದಿರೆಯ ಕಾಲೇಜಿನವರು ಅದನ್ನು ಅಚ್ಚು ಹಾಕಿಸಿ ಅವಳ ಫೋಟೋದ ಕೆಳಗೆ ಅಂಟಿಸಿದರು. ಪದವಿನ ಯಂತ್ರವನ್ನೂ ಅವರೇ ಒಯ್ದರು.

ಬಂಟ್ವಾಳದಲ್ಲಿ ಶಶಿಪ್ರಭಾ ಯಾರೊಡನೆಯೂ ಮಗಳ ಮಾತು ಎತ್ತುವುದನ್ನು ಬಿಟ್ಟರು. ಟ್ಯೂಷನ್ ನಿಂತಿತು. ಮೆಲ್ಕಾರಿನಲ್ಲಿ ರಂಜಿತನ ಅಂಗಡಿ ವಾರಕ್ಕೆ ಮೂರು ದಿನ ಮುಚ್ಚಿರುತ್ತಿತ್ತು. ತೆರೆದ ದಿನವೂ ಅವನು ಹಳೆಯ ತಂತಿ ಬಿಚ್ಚುತ್ತಿದ್ದನೇ ಹೊರತು ಹೊಸದನ್ನು ಸುತ್ತಲು ಆಗುತ್ತಿರಲಿಲ್ಲ. ತೋಟದವರು ಪಂಪುಗಳನ್ನು ಬಿ.ಸಿ. ರೋಡಿಗೆ ಒಯ್ಯತೊಡಗಿದರು. ಬಂಟ್ವಾಳಕ್ಕೆ ಹೋಗುವ ಬಸ್ಸನ್ನು ಅವನು ದಿನವೂ ನೋಡುತ್ತಿದ್ದ, ಹತ್ತುತ್ತಿರಲಿಲ್ಲ.

ಮಳೆಗಾಲ ಕಳೆದು, ನೇತ್ರಾವತಿಯ ನೆರೆ ಇಳಿದು, ಪೇಟೆಯವರು ಅಂಗಡಿಗಳ ಕೆಸರು ತೊಳೆಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಶಶಿಪ್ರಭಾ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ತುಂಬ ಇಳಿದುಹೋಗಿದ್ದರು. ರಂಜಿತ್ ಎದ್ದು ನಿಂತ. ಅವರು ಕೂರಲಿಲ್ಲ.

“ಆ ಕುಂಟು ಕಾಲಿನವನ ಜೊತೆ ಮಾತಾಡಿದೆ” ಎಂದರು. “ಪ್ರೊಫೆಸರೇ ವಿಡಿಯೋದಲ್ಲಿ ತೋರಿಸಿದ್ರು. ಅವನ ಭಾಷೆ ನನಗೆ ಬರುವುದಿಲ್ಲ. ಕೈಮುಗಿದ. ಅತ್ತ. ಹಿಂದೆ ಅವನ ಮೊಮ್ಮಗಳು ನಿಂತಿದ್ಲು, ಬಾಯಲ್ಲಿ ಬೆರಳು ಹಾಕ್ಕೊಂಡು.”

ರಂಜಿತ್ ಸ್ಟೂಲನ್ನು ಅವರ ಹತ್ತಿರ ಸರಿಸಿದ.

“ಅವನು ಬದುಕಿದ್ದು ತಪ್ಪು ಅಂತ ಹೇಳ್ಲಿಕ್ಕೆ ಆಗ್ತದಾ ನನಗೆ? ಸರಿ ಅಂತ ಹೇಳ್ಲಿಕ್ಕೂ ಬಾಯಿ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡ್ತೇನೆ, ತಲೆ ಕೆಡ್ತದೆ.”

“ಮಾಮಿ, ನನ್ನಿಂದ...”

“ನೀನು ಎಂತದೂ ಹೇಳ್ಬೇಡ. ನಿನ್ನ ಮೇಲೆ ನನಗೆ ಸಿಟ್ಟುಂಟು. ಅದು ಹೋಗುವ ಹಾಗೆ ಕಾಣುವುದಿಲ್ಲ. ಕ್ಷಮಿಸಿ ಅಂತ ಕೇಳ್ಲಿಕ್ಕೆ ಬರ್ಬೇಡ, ಆಯ್ತಾ? ನನ್ನ ಹತ್ರ ಇಲ್ಲ ಅದು.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಆದರೆ ಅವಳ ಬಗ್ಗೆ ಮಾತಾಡ್ಲಿಕ್ಕೆ ನನಗೆ ಬೇರೆ ಯಾರಿದ್ದಾರೆ ಹೇಳು? ಭಾನುವಾರ ಊಟಕ್ಕೆ ಬಾ.”

ಅವನು ಹೋದ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಬಸಳೆ ಪಲ್ಯ. ಒಲೆಯ ಮೇಲೆ ಇನ್ನೂ ಏನೋ ಬೇಯುತ್ತಿತ್ತು. ಶಶಿಪ್ರಭಾ ಅವನಿಗೆ ಬಡಿಸಿ, ತಾವೂ ಎದುರು ಕೂತರು. ಆಮೇಲೆ ಅವರು ತಟ್ಟೆ ನೋಡುತ್ತಲೇ, ಸಾತ್ವಿಕಾ ಸಣ್ಣವಳಿದ್ದಾಗ ಮೀನಿನ ಮುಳ್ಳು ತೆಗೆದುಕೊಟ್ಟರೆ ಮಾತ್ರ ಉಣ್ಣುತ್ತಿದ್ದಳೆಂದು ಹೇಳಿದರು. “ಮದುವೆ ಆದ ಮೇಲೆ ಯಾರು ತೆಗೀತಿದ್ರು?”

“ನಾನು” ಎಂದ ರಂಜಿತ್.

ಶಶಿಪ್ರಭಾ ತಲೆ ಆಡಿಸಿದರು. ಅನ್ನ ಕಲಸಿದ ಕೈ ಹಾಗೆಯೇ ತಟ್ಟೆಯ ಮೇಲೆ ನಿಂತಿತು. ಆಮೇಲೆ ಅವರ ಬಾಯಿಂದ ಒಂದು ಸದ್ದು ಬಂತು. ವಿಮಾನ ನಿಲ್ದಾಣದಲ್ಲೂ ಬಾರದಿದ್ದ ಅಳು ಅದು. ಮನೆಯ ಹೊರಗೂ ಕೇಳಿಸುವಂಥದ್ದು. ರಂಜಿತನೂ ತಡೆಯಲಾರದೆ ಅತ್ತ. ಎಂಜಲು ಕೈ ಒಣಗುವಷ್ಟು ಹೊತ್ತು ಇಬ್ಬರೂ ಹಾಗೆಯೇ ಕೂತಿದ್ದರು.

ಪಕ್ಕದ ಮನೆಯ ಶಬ್ನಾ ಅಳು ಕೇಳಿ ಓಡಿಬಂದವಳು ಬಾಗಿಲಲ್ಲೇ ನಿಂತಳು. ಒಳಗಿಂದ ತಳ ಹಿಡಿದ ವಾಸನೆ ಬರುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋಗಿ ಗ್ಯಾಸು ಆರಿಸಿ, ಪಾತ್ರೆಯನ್ನು ಕೆಳಗಿಳಿಸಿದಳು. ಎರಡು ಲೋಟ ನೀರು ತಂದು ಅವರಿಬ್ಬರ ಪಕ್ಕದಲ್ಲಿಟ್ಟು, ಗೋಡೆಗೆ ಒರಗಿ ಕೂತಳು.